ತೆಳು ಆಯಿಲ್

ಅಂಗಡಿಯ ಹಿಂದೆ ಬಿದ್ದಿದ್ದ ಎಂಜಿನ್ ಆಯಿಲಿನ ಖಾಲಿ ಡಬ್ಬವನ್ನು ಗುಜರಿ ಚೀಲಕ್ಕೆ ಹಾಕಲು ಎತ್ತಿಕೊಂಡಾಗ ಗಂಗಲಕ್ಷ್ಮಿಯ ಕಣ್ಣು ಅದರ ಮೇಲಿನ ನಂಬರಿಗೆ ಬಿತ್ತು. ಹತ್ತು-ಮೂವತ್ತು. ಟ್ಯಾಕ್ಸಿ ಓಡಿಸುವ ಕ್ಯಾತಪ್ಪ ಬೆಳಿಗ್ಗೆ ಕೇಳಿದ್ದು ಇಪ್ಪತ್ತು-ಐವತ್ತರ ಗಟ್ಟಿ ಆಯಿಲ್.

ಚಳ್ಳಕೆರೆಯ ಆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಅವಳು ದೊಡ್ಡಉಳ್ಳಾರ್ತಿಯಿಂದ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಬರತೊಡಗಿ ಎರಡು ವರ್ಷವಾಗಿತ್ತು. ಹೊಸ ಕಾರುಗಳಿಗೆಂದು ತರಿಸಿದ ತೆಳು ಆಯಿಲಿನ ಡಬ್ಬವೂ ಗಟ್ಟಿ ಆಯಿಲಿನ ಡಬ್ಬದ ಹಾಗೆಯೇ ಕೆಂಪಗಿತ್ತು. ಬೆಳಿಗ್ಗೆ ಗಿರಾಕಿಗಳ ಗಲಾಟೆಯಲ್ಲಿ ಅವಳು ನಂಬರು ನೋಡದೆ ಕೊಟ್ಟಿದ್ದಳು. ಅಕ್ಷರ ಬಾರದ ಕ್ಯಾತಪ್ಪ ಅವಳನ್ನು ನಂಬಿ, ಅಲ್ಲೇ ಹಳೆಯದನ್ನು ಇಳಿಸಿ ಇದನ್ನು ಸುರಿದುಕೊಂಡು ಹೋಗಿದ್ದ.

ಅವನದು ಹದಿನೆಂಟು ವರ್ಷದ ಅಂಬಾಸಡರ್ ಟ್ಯಾಕ್ಸಿ. ಎಂಜಿನ್ನಿನ ಬೇರಿಂಗುಗಳು ಸವೆದು ಸಡಿಲವಾಗಿದ್ದವು. ಮೇ ತಿಂಗಳ ಬಿಸಿಲಿಗೆ ತೆಳು ಆಯಿಲ್ ನೀರಿನಂತಾಗಿ, ಆಯಿಲಿನ ಒತ್ತಡ ನಿಲ್ಲದೆ ಎಂಜಿನ್ ಬಿಗಿದು ಹಿಡಿದುಕೊಂಡರೆ ಮುಗಿಯಿತು.

"ಅಣ್ಣಾ, ತಪ್ಪು ಆಯಿಲ್ ಕೊಟ್ಬಿಟ್ಟೀನಿ," ಎಂದು ಅವಳು ಮಾಲೀಕ ಬಾಲರಾಜನಿಗೆ ಡಬ್ಬ ತೋರಿಸಿದಳು.

ಬಾಲರಾಜ ನಂಬರು ನೋಡಿ ಡಬ್ಬವನ್ನು ಕಾಲಿನಿಂದ ಮೂಲೆಗೆ ತಳ್ಳಿದ. "ಹಳೇ ಗಾಡಿ. ಇವತ್ತಲ್ಲ ನಾಳೆ ಕೆಡೋದೇ. ಸುಮ್ನಿರು."

"ಅವ್ರಕ್ಕನ್ನ ಆಪರೇಷನ್‌ಗೆ ಬಳ್ಳಾರಿಗೆ ಕರ್ಕೊಂಡು ಹೋಗ್ಬೇಕಂತೆ. ಮೊಳಕಾಲ್ಮೂರಲ್ಲಿ ಆಯಮ್ಮ ಕಾಯ್ತಾ ಐತೆ."

"ನಾವೇ ಹೇಳಿದ್ರೆ ಎಂಜಿನ್ ಖರ್ಚು ನಮ್ಮ ತಲೆಗೆ ಕಟ್ತಾನೆ. ಈಗ ಅಂಗಡಿ ಬಿಟ್ಟು ಹೋದ್ರೆ ವಾಪಸ್ ಬರ್ಬ್ಯಾಡ."

ಕ್ಯಾತಪ್ಪ ಯಾವಾಗಲೂ ಬಳ್ಳಾರಿ ದಾರಿಯ ಬಿ.ಜಿ. ಕೆರೆಯಲ್ಲಿ ಜೋಗಪ್ಪನ ಹೋಟೆಲಿನಲ್ಲಿ ಊಟ ಮಾಡುತ್ತಾನೆಂದು ಗಂಗಲಕ್ಷ್ಮಿಗೆ ಗೊತ್ತಿತ್ತು. ಎದುರಿನ ಎಸ್‌ಟಿಡಿ ಬೂತಿಗೆ ಓಡಿ ಹೋಟೆಲಿಗೆ ಫೋನ್ ಮಾಡಿ ಅವನನ್ನು ಕೇಳಿದಳು.

"ಇನ್ನೂ ಬಂದಿಲ್ಲಮ್ಮ," ಅಂದ ಜೋಗಪ್ಪ.

"ಬಂದ್ರೆ ಬಿಡ್ಬ್ಯಾಡ್ರಿ. ನಾನು ಬರ್ತೀನಿ."

ಅಂಗಡಿಗೆ ಮರಳಿ, ಈ ಸಲ ನಂಬರನ್ನು ಎರಡೆರಡು ಬಾರಿ ಓದಿ, ಗಟ್ಟಿ ಆಯಿಲಿನ ಡಬ್ಬವೊಂದನ್ನು ಕಂಕುಳಲ್ಲಿ ಇಟ್ಟುಕೊಂಡಳು. ಬಾಲರಾಜ ಹಿಂದಿನಿಂದ ಕೂಗುತ್ತಿದ್ದಂತೆಯೇ ಬಳ್ಳಾರಿ ಬಸ್ಸು ಹತ್ತಿದಳು.

ಬಸ್ಸು ತಳಕಿನಲ್ಲಿ ನಿಂತಿತು, ಹಿರೇಹಳ್ಳಿಯಲ್ಲಿ ನಿಂತಿತು. ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿದ ಬಿಳಿ ಕಾರು ಕಾಣುತ್ತದೇನೋ ಎಂದು ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಬಿ.ಜಿ. ಕೆರೆಯಲ್ಲಿ ಇಳಿದಾಗ ಅಂಬಾಸಡರ್ ಹುಣಸೆ ಮರದ ಕೆಳಗಿತ್ತು. ಎಂಜಿನ್ ಓಡುತ್ತಿತ್ತು. ಕ್ಯಾತಪ್ಪ ಬಾನೆಟ್ ಮುಚ್ಚಿ ಸೀಟಿಗೆ ಹೋಗುತ್ತಿದ್ದ. ಜೋಗಪ್ಪ ಅವನ ತೋಳು ಹಿಡಿದಿದ್ದ.

"ಬಿಡಲೇ ಜೋಗ, ಅಕ್ಕ ಕಾಯ್ತಾ ಅವ್ಳೆ."

"ಕ್ಯಾತಪ್ಪಣ್ಣ, ಗಾಡಿ ಆಫ್ ಮಾಡ್ರಿ!" ಗಂಗಲಕ್ಷ್ಮಿ ಓಡುತ್ತಲೇ ಕೂಗಿದಳು. "ಆಯಿಲ್ ಲೈಟು ಹತ್ತಿತ್ತೇನ್ರಿ?"

"ಹತ್ತಿತ್ತು. ಸ್ಲೋ ಮಾಡಿದಾಗೆಲ್ಲ ಹತ್ತೋದು, ರೇಸ್ ಕೊಟ್ರೆ ಆರೋದು. ವೈರ್ ಶಾರ್ಟ್ ಇರ್ಬೇಕು ಅಂತ ಈಗ ಕಿತ್ತಾಕಿದೆ."

"ಶಾರ್ಟ್ ಅಲ್ರಿ. ಒತ್ತಡ ಇಲ್ದೆ ಹತ್ತಿರೋದು. ನಾನೇ ತೆಳು ಆಯಿಲ್ ಕೊಟ್ಟೆ. ತಪ್ಪು ನಂದು."

ಕ್ಯಾತಪ್ಪ ಅವಳನ್ನೇ ದಿಟ್ಟಿಸಿ ನೋಡಿದ. ನಂತರ ಕೀ ತಿರುಗಿಸಿದ. ಎಂಜಿನ್ ನಿಲ್ಲುವ ಮುಂಚೆ ಒಳಗಿನಿಂದ ಕಟಕಟನೆ ಒಂದು ಸದ್ದು ಬಂತು. ಅದು ಮೂವರಿಗೂ ಕೇಳಿಸಿತು.

"ನಿನ್ನ ನಂಬಿ ಹಾಕ್ಕೊಂಡ್ನಲ್ಲಮ್ಮ," ಅಂದ ಅವನು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಅವನು ಸ್ಪ್ಯಾನರ್ ತೆಗೆದುಕೊಂಡು ಕಾರಿನಡಿ ನುಸುಳಿದ. ಅವಳು ಜೋಗಪ್ಪನ ಹಳೇ ಬೋಗುಣಿಯನ್ನು ಎಂಜಿನ್ನಿನ ತಳಕ್ಕೆ ಒತ್ತಿ ಹಿಡಿದಳು. ಆಯಿಲ್ ನೀರಿನಂತೆ ಸುರ್ರೆಂದು ಇಳಿದು ಅವಳ ಮುಂಗೈ ಸುಟ್ಟಿತು. ಅವಳು ಬೋಗುಣಿ ಬಿಡಲಿಲ್ಲ. ಹೊಸ ಡಬ್ಬದ ಆಯಿಲ್ ಜೇನಿನ ಹಾಗೆ ನಿಧಾನಕ್ಕೆ ಒಳಗಿಳಿಯುವುದನ್ನು ಕಾಯುವಾಗ ಕ್ಯಾತಪ್ಪ ಮೂರು ಬಾರಿ ವಾಚು ನೋಡಿಕೊಂಡ.

ಕಿತ್ತಿದ್ದ ವೈರನ್ನು ಸಿಕ್ಕಿಸಿ ಎಂಜಿನ್ ಚಾಲು ಮಾಡಿದ. ಕೆಂಪು ದೀಪ ಹತ್ತಿ, ಆರಿತು. ಐದು ನಿಮಿಷ ನಿಧಾನದಲ್ಲೇ ಬಿಟ್ಟರೂ ಮತ್ತೆ ಹತ್ತಲಿಲ್ಲ. ಕಟಕಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

"ಬಳ್ಳಾರಿವರೆಗೆ ಎಳೀತೈತಾ?"

"ಜೋರಾಗಿ ಓಡಿಸ್ಬ್ಯಾಡ್ರಿ. ಲೈಟು ಹತ್ತಿದ್ರೆ ಅಲ್ಲೇ ನಿಲ್ಸಿ ಬಸ್ ಹಿಡೀರಿ." ಖಂಡಿತ ಹೋಗುತ್ತದೆ ಎಂದು ಹೇಳುವ ಧೈರ್ಯ ಅವಳಿಗಿರಲಿಲ್ಲ. ಕಾರು ನಿಧಾನಕ್ಕೆ ಮೊಳಕಾಲ್ಮೂರಿನ ಕಡೆ ಹೊರಟಿತು.

ಸಂಜೆ ಅವಳು ಹಿಂತಿರುಗಿದಾಗ ಬಾಲರಾಜ ಮುಖ ತಿರುಗಿಸಿಕೊಂಡ. ಹೋಗು ಅಂತ ಮಾತ್ರ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಅವಳು ಬಂದು ಬಾಗಿಲ ಕಸ ಗುಡಿಸಿದಾಗ ತಡೆಯಲಿಲ್ಲ. ಹತ್ತು ದಿನ ಹೀಗೇ ಕಳೆಯಿತು. ಬಳ್ಳಾರಿಯ ಸುದ್ದಿ ಇರಲಿಲ್ಲ.

ಹನ್ನೊಂದನೇ ದಿನ ಕ್ಯಾತಪ್ಪ ಬಂದು ಕೌಂಟರಿನ ಮುಂದೆ ನಿಂತ.

"ಅಕ್ಕ ಮನೆಗೆ ಬಂದ್ಳು. ಗಂಜಿ ಕುಡೀತಾ ಅವ್ಳೆ," ಅಂದ. ಆಮೇಲೆ ಬಾಲರಾಜನ ಕಡೆ ತಿರುಗಿದ. "ಎರಡು ಬೇರಿಂಗ್ ಹೋದ್ವು. ಒಳಗಿನ ಕ್ರ್ಯಾಂಕ್ ಉಳೀತು, ಎಂಜಿನ್ ಬಚಾವ್. ಈ ಹುಡುಗಿ ಬರ್ದಿದ್ರೆ ಅದೂ ಉಳೀತಿರ್ಲಿಲ್ಲ."

ಬಾಲರಾಜ ಎದ್ದು ಬೇರಿಂಗಿನ ಪೆಟ್ಟಿಗೆ ಹುಡುಕತೊಡಗಿದ. ಗಂಗಲಕ್ಷ್ಮಿ ಸುಟ್ಟ ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ನಿಂತಿದ್ದಳು. ಹತ್ತು ದಿನಗಳಲ್ಲಿ ಮೊದಲ ಬಾರಿಗೆ ಅವಳಿಗೆ ಹೊಟ್ಟೆ ಹಸಿಯಿತು.