ಹೊರಟವನನ್ನು ಕೇಳಲಿಲ್ಲ

ನಮ್ಮ ಗಂಗೊಳ್ಳಿಯಲ್ಲಿ ಕಡಲಿಗೆ ಹೊರಟ ಗಂಡಸನ್ನು ಎಲ್ಲಿಗೆ ಅಂತ ಕೇಳಬಾರದು. ಕೇಳಿದರೆ ಅವನು ಅಲ್ಲೇ ಕೂತು, ಎಲೆಯಡಿಕೆ ಹಾಕಿ, ಉಗಿದು, ಆಮೇಲೆ ಏಳಬೇಕು. ಕೆಲವರಂತೂ ಬಲೆ ಬಿಸಾಡಿ ಆ ದಿನ ಹೋಗುವುದೇ ಇಲ್ಲ. ಹಾಗಾಗಿ ಹೆಂಗಸರು ಬಾಯಿ ಮುಚ್ಚಿಕೊಂಡು, ಗಂಜಿಯ ಬುತ್ತಿ ಕೈಗೆ ಕೊಟ್ಟು, ಬೇರೆಲ್ಲೋ ನೋಡುತ್ತ ನಿಲ್ಲುವುದು. ಗಂಡನ ಹೆಸರು ಹೇಳಬಾರದು ಅನ್ನುವುದೂ ಇಂಥದ್ದೇ ಇನ್ನೊಂದು ಶಾಸ್ತ್ರ. ನಾನು ಹೇಳುತ್ತೇನೆ. ನನ್ನ ಗಂಡ ಕುಷ್ಟ, ನಾನು ಬೆಳ್ಳಿ. ಅವನಿಗೆ ಏನೂ ಆಗಲಿಲ್ಲ. ಇಗೋ, ಜಗಲಿಯಲ್ಲಿ ಕೂತು ಬೀಡಿ ಎಳೆಯುತ್ತಿದ್ದಾನೆ.

ಪಕ್ಕದ ಮನೆ ಸೂರನದು. ಮನೆಯಲ್ಲಿ ಅವನು, ಅವನ ಹೆಂಡತಿ ಜಲಜ, ಮತ್ತೆ ಅವನ ತಾಯಿ. ನಮ್ಮ ಕಡೆ ತಾಯಿಗೆ ಅಬ್ಬಿ ಅನ್ನುವುದು; ಅವಳನ್ನು ಕೇರಿಯವರೆಲ್ಲ ಹಾಗೇ ಕರೆಯುವುದು. ಜಲಜ ಹೆಮ್ಮಾಡಿ ಕಡೆಯವಳು, ಗದ್ದೆ ಬದಿಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಪಾಪ, ನಗುತ್ತ ಗಂಡನನ್ನು ಕೇಳಿಬಿಟ್ಟಳು. ಅಬ್ಬಿ ಒಳಗಿಂದ ಓಡಿ ಬಂದು ಕೂಗಿದ ಕೂಗು ನಮ್ಮ ಅಡುಗೆಮನೆಗೆ ಕೇಳಿತ್ತು.

“ಹೊರ್ಟವ್ನ್ ಹತ್ರ ಎಲ್ಲಿಗ್ ಅಂದ್ ಕೇಂತ್ಯಾ? ನಿನ್ನ್ ಅಬ್ಬಿ ಮನೆಗ್ ಅಷ್ಟೂ ಹೇಳಿ ಕೊಡ್ಲಿಲ್ಯಾ?”

ಆಮೇಲೆ ಜಲಜ ಕೇಳಿದ್ದಿಲ್ಲ.

ಎಪ್ಪತ್ತನೇ ಇಸವಿ, ವಿಷು ಹಬ್ಬದ ಮಾರನೇ ದಿನ. ಸೂರ ಚಿಕ್ಕ ಹಾಯಿದೋಣಿ ತೆಗೆದುಕೊಂಡು ಒಬ್ಬನೇ ಗಾಳಕ್ಕೆ ಹೊರಟ. ನಾನು ಬಾವಿಕಟ್ಟೆಯಲ್ಲಿದ್ದೆ. ಹಬ್ಬದ ಗಮ್ಮತ್ತು ಇನ್ನೂ ಇಳಿದಿರಲಿಲ್ಲವೋ ಏನೋ, ಜಲಜ ಬುತ್ತಿ ಕೊಡುತ್ತ ಏನೋ ಕೇಳಲು ಬಾಯಿ ತೆರೆದಳು. ಅಬ್ಬಿ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮಿದಳು, ಅಷ್ಟೆ. ಜಲಜ ಬಾಯಿ ಮುಚ್ಚಿಕೊಂಡಳು. ಸೂರ ಇಬ್ಬರನ್ನೂ ನೋಡಿ ನಕ್ಕ. “ಬತ್ತೆ” ಅಂದು ಹೋದ.

ಸಂಜೆಗೆ ಬರಬೇಕಿತ್ತು. ಬರಲಿಲ್ಲ. ಮಾರನೇ ದಿನ ಮಧ್ಯಾಹ್ನವಾಯಿತು, ಅಳಿವೆಯಲ್ಲಿ ಅವನ ಹಾಯಿ ಕಾಣಲಿಲ್ಲ. ಗಾಳಿ ಜೋರಾಗುತ್ತಿತ್ತು. ನಾನು ಮೀನಿನ ಬುಟ್ಟಿ ಅಲ್ಲೇ ಬಿಟ್ಟು ಗಂಡಸರನ್ನು ಹುಡುಕಿಕೊಂಡು ಹೋದೆ. ಎಲ್ಲಿದ್ದರು ಅಂತೀರಿ? ಕಡವಿನ ಹತ್ತಿರ ಗಣಪಯ್ಯ ಐತಾಳರ ಹೋಟೆಲಿನಲ್ಲಿ, ರೇಡಿಯೋ ಸುತ್ತ!

ಆ ವಾರ ಊರಿಗೆಲ್ಲ ಅದೇ ಮಾತು. ಅಮೆರಿಕದ ಮೂರು ಜನ ಚಂದ್ರನ ಮೇಲೆ ಇಳಿಯಲು ಹೊರಟವರು, ಅರ್ಧ ದಾರಿ ದಾಟಿದ ಮೇಲೆ ಅವರ ಅಪೋಲೊ ನೌಕೆಯಲ್ಲಿ ಪ್ರಾಣವಾಯುವಿನ ಟ್ಯಾಂಕು ಒಡೆದಿತ್ತು. ಇಳಿಯಲೆಂದು ಒಯ್ದ ಇನ್ನೊಂದು ಸಣ್ಣ ನೌಕೆಯೊಳಗೆ ಮೂವರೂ ಸೇರಿಕೊಂಡು, ಚಂದ್ರನನ್ನು ಒಂದು ಸುತ್ತು ಹಾಕಿ ವಾಪಸು ಬರುತ್ತಿದ್ದರು. ಕುಡಿಯುವ ನೀರಿಗೂ ತತ್ವಾರ, ಮೈ ಕೊರೆಯುವ ಚಳಿ. ಉಸಿರಾಡಿ ಕೆಟ್ಟ ಗಾಳಿಯನ್ನು ಶುದ್ಧ ಮಾಡುವ ಡಬ್ಬಿ ಚೌಕ, ಅದು ಕೂರಬೇಕಾದ ಜಾಗ ದುಂಡು. ಪ್ಲಾಸ್ಟಿಕ್ ಚೀಲ, ರಟ್ಟು, ಅಂಟುಪಟ್ಟಿ ಇಷ್ಟರಲ್ಲೇ ಹೇಗೆ ಜೋಡಿಸಬೇಕೆಂದು ಕೆಳಗಿನವರು ಮಾಡಿ ನೋಡಿ, ಮೇಲಿನವರಿಗೆ ಹೇಳಿಕೊಟ್ಟರಂತೆ. ಐತಾಳರು ಇದನ್ನು ಸ್ವಂತ ಭಾವನ ಸುದ್ದಿಯ ಹಾಗೆ ಹೇಳುತ್ತಿದ್ದರು. ನಮ್ಮವರು ಚಾ ಆರಿಸಿಕೊಂಡು ಬಾಯಿ ಬಿಟ್ಟು ಕೂತಿದ್ದರು.

ನನಗೆ ನೆತ್ತಿಗೇರಿತು. “ಹ್ವಾಯ್! ಆಕಾಶ್ದಗ್ ಇಪ್ಪರ್ ಕತಿ ಸಾಕ್. ಸೂರ ನಿನ್ನೆ ಹ್ವಾದವ ಇನ್ನೂ ಬರ್ಲಿಲ್ಲೆ. ಅವ್ನ ಸುದ್ದಿ ನಿಮ್ಮ್ ರೇಡ್ಯೊದಗ್ ಬಪ್ಪುದಿಲ್ಲೆ!”

ಸುಳ್ಳು ಹೇಳಬಾರದು, ಎಲ್ಲರೂ ಆ ಕ್ಷಣವೇ ಎದ್ದರು. ಕುಷ್ಟ ಆಗ ಮಿಷನ್ ಬೋಟಿನ ಡ್ರೈವರು. ಧಣಿಯನ್ನು ಕೇಳಲಿಕ್ಕೂ ಹೋಗದೆ ಬೋಟು ಬಿಚ್ಚಿದ, ನಾಲ್ಕು ಜನ ಹತ್ತಿದರು, ಐತಾಳರು ಅವಲಕ್ಕಿ ಕಟ್ಟಿಸಿ ಕೊಟ್ಟರು. ಇಂಜಿನು ಚಾಲೂ ಆಯಿತು. ಆಗ ಕುಷ್ಟ ದಡದ ಮೇಲಿದ್ದ ಜಲಜನನ್ನು ಕೂಗಿ ಕೇಳಿದ.

“ಯಾವ್ ಬದಿಗ್ ಹ್ವಾಯಿದ ಅವ?”

ಜಲಜ ತಿರುಗಿ ಅತ್ತೆಯ ಮುಖ ನೋಡಿದಳು. ಅಬ್ಬಿ ಸೆರಗು ಬಾಯಿಗೆ ಒತ್ತಿಕೊಂಡಳು. “ಗೊತ್ತಿಲ್ಲೆ” ಅಂದಳು ಜಲಜ, ನನಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ.

ಗಾಳಿ ಬಡಗಿನಿಂದ ಬರುತ್ತಿತ್ತು. ಕಂಬ ಮುರಿದರೂ ಹಾಯಿ ಹರಿದರೂ ದೋಣಿ ತೆಂಕಿಗೇ ತೇಲಬೇಕು ಎಂದು ಲೆಕ್ಕ ಹಾಕಿ, ಕೋಡಿ ಕಡೆಗೆ, ಕೋಟ ಪಡುಕರೆ ಕಡೆಗೆ ಹೋದರು. ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಈಗಲೂ ಆಗುವುದಿಲ್ಲ. ಶುಕ್ರವಾರ ಡೀಸೆಲ್ ಮುಗಿದು ಬಂದರು, ಪುನಃ ತುಂಬಿಸಿಕೊಂಡು ಹೋದರು. ಮಲ್ಪೆಯವರೆಗೂ ಹುಡುಕಿದರು.

ಶನಿವಾರ ಬೆಳಿಗ್ಗೆ ರೇಡಿಯೋ ಹೇಳಿತು: ಆ ಮೂವರೂ ಕಡಲಿಗೆ ಇಳಿದರು, ಹತ್ತಿರದಲ್ಲೇ ಕಾಯುತ್ತಿದ್ದ ಹಡಗು ಅವರನ್ನು ಎತ್ತಿಕೊಂಡಿತು. ಅಬ್ಬಿ ಯಾವತ್ತೂ ಹೋಟೆಲಿನ ಮೆಟ್ಟಿಲು ಹತ್ತಿದವಳಲ್ಲ. ಅವತ್ತು ಹೋಗಿ ಬಾಗಿಲ ಹೊರಗೆ ನಿಂತಳು. ನಾನು ಹಿಂದೆಯೇ ಇದ್ದೆ.

“ಐತಾಳ್ರೆ, ಅಷ್ಟ್ ದೊಡ್ಡ್ ಕಡ್ಲಗೆ ಅವ್ರ್ ಎಲ್ಲಿ ಬೀಳ್ತ್ರ್ ಅಂದ್ ಆ ಹಡ್ಗಿನವ್ರಿಗ್ ಹ್ಯಾಂಗ್ ಗೊತ್ತಾಯ್ತ್?”

ಐತಾಳರಿಗೆ ಪಾಪ, ಅವಳು ಯಾಕೆ ಕೇಳುತ್ತಾಳೆಂದು ಹೊಳೆಯಲಿಲ್ಲ. ಹುರುಪಿನಲ್ಲೇ ಹೇಳಿದರು. “ಹೊರಡುವಾಗ್ಳೇ ಎಲ್ಲಿಗೆ, ಯಾವ ದಾರಿ ಅಂತ ಎಲ್ಲ ಗೊತ್ತಿರ್ತದೆ ಅಬ್ಬಿ. ಎಲ್ಲಿಗೆ ಅಂತ ಗೊತ್ತಿಲ್ಲದೆ ಅವ್ರು ಯಾರನ್ನೂ ಕಳ್ಸುದೇ ಇಲ್ಲ.”

ಆಮೇಲೆ ಅಬ್ಬಿಯ ಮುಖ ಕಂಡು ರೇಡಿಯೋ ಆರಿಸಿದರು. ಅಬ್ಬಿ “ಹೌದಾ” ಅಂದಳು. ಮನೆಗೆ ಬರುವ ದಾರಿಯಲ್ಲಿ ಎರಡು ಕಡೆ ಕೂತಳು.

ಭಾನುವಾರ ಉಪ್ಪುಂದದಿಂದ ಜನ ಬಂತು. ಸೂರ ಬಡಗಿಗೆ ಹೋಗಿದ್ದ. ಅಲ್ಲಿ ಹೊರಗಡಲಿನಲ್ಲಿ ಬಂಡೆಗಳಿವೆ, ಬೈಂದೂರು ಕಡೆಯವರು ಮುರು ಮೀನಿಗೆ ಹೋಗುವ ಜಾಗ. ಗಾಳಿಯ ದೆಸೆಯಿಂದ ಆ ವಾರ ಯಾರೂ ಅಷ್ಟು ದೂರ ಹೋಗಿರಲಿಲ್ಲ. ಗಾಳಿ ತಗ್ಗಿದ ಮೇಲೆ ಹೋದವರಿಗೆ ಅವನ ದೋಣಿ ಕಂಡಿತು. ಹಾಯಿಕಂಬ ಮುರಿದು ಅವನ ಬಲಗೈ ಮೇಲೇ ಬಿದ್ದಿತ್ತು. ದೋಣಿ ತೇಲಿ ಹೋಗದ ಹಾಗೆ ಲಂಗರು ಬಿಟ್ಟಿದ್ದ. ಕಂಬದ ಎರಡು ತುಂಡು ಜೋಡಿಸಿ, ಉಟ್ಟ ಲುಂಗಿ ಹರಿದು ಸುತ್ತಿ, ಗಾಳದ ದಾರ ಬಿಗಿದಿದ್ದ. ಒಂದೇ ಕೈ, ಇನ್ನೊಂದು ತುದಿ ಹಲ್ಲಿನಲ್ಲಿ ಎಳೆದಿರಬೇಕು, ದಾರದ ಮೇಲೆ ರಕ್ತ ಇತ್ತಂತೆ. ಕಟ್ಟು ಅರ್ಧಕ್ಕೆ ನಿಂತಿತ್ತು. ನೀರಿನ ಕೊಡಪಾನ ಖಾಲಿ. ಅಂಗಿಯನ್ನು ಹುಟ್ಟಿನ ತುದಿಗೆ ಕಟ್ಟಿ ನಿಲ್ಲಿಸಿದ್ದ, ಹುಡುಕಿಕೊಂಡು ಬಂದವರಿಗೆ ಕಾಣಲಿ ಅಂತ. ಹೆಣ ಇನ್ನೂ ಊದಿರಲಿಲ್ಲ ಎಂದರು ಉಪ್ಪುಂದದವರು. ಜೀವ ಹೋಗಿ ಒಂದು ದಿನವೂ ಆಗಿಲ್ಲ ಎಂದು ಕಡಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುಷ್ಟ ಜಗಲಿಯ ಕಂಬಕ್ಕೆ ತಲೆ ಚಚ್ಚಿಕೊಂಡ.

ಅವನು ಕಾದಿದ್ದ, ನಾವು ಬರುತ್ತೇವೆಂದು ನಂಬಿ.

ಜಲಜ ಅತ್ತೆಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಅಬ್ಬಿಗೆ ಹಗುರವಾಗುತ್ತಿತ್ತೇನೋ. ಸೂರನ ಬೊಜ್ಜ, ಉತ್ತರಕ್ರಿಯೆ ಎಲ್ಲ ಕಳೆದ ಮಾರನೇ ದಿನ ಬೆಳಿಗ್ಗೆ ಅಬ್ಬಿ ಕೋಲೂರಿಕೊಂಡು, ಬೋಟು ಕಟ್ಟುವ ದಕ್ಕೆಗೆ ಹೋಗಿ ನಿಂತಳು. ಮೊದಲು ಹೊರಟವನು ಕುಷ್ಟನೇ.

“ಎಲ್ಲಿಗ್ ಹೋತೆ ಮಗಾ?”

ಕುಷ್ಟ ಕೆಂಡವಾದ. ಬೋಟಿನಿಂದ ಇಳಿದು, ದಾಪುಗಾಲು ಹಾಕಿ ಮನೆಗೆ ಬಂದು, ಮುದುಕಿಗೆ ಮಂಡೆ ಕೆಟ್ಟಿದೆ ಎಂದು ಹಾರಾಡಿದ. ನಾನು ಅವನ ಎದುರು ಕೂತೆ. “ಹೇಳಿ ಹೋಯ್ನಿ” ಅಂದೆ, “ನಂಗೂ ಕೇಂಬುಕಿತ್ತ್.”

ಬಹಳ ಹೊತ್ತು ಬೀಡಿ ಸೇದಿದ. ಆಮೇಲೆ ಎದ್ದು ದಕ್ಕೆಗೆ ಹೋದ. ಅಬ್ಬಿ ನಿಂತಲ್ಲೇ ನಿಂತಿದ್ದಳು. “ಉಪ್ಪುಂದದ್ ಬದಿಗ್ ಅಬ್ಬಿ” ಅಂದ, “ಬಂಡೆ ಹತ್ರ. ಹೊತ್ತ್ ಮುಳ್ಗು ಬೈಸಾರಿಗ್ ಬತ್ತೆ.”

ಅಬ್ಬಿ ಅದನ್ನು ತನ್ನೊಳಗೇ ಒಮ್ಮೆ ಹೇಳಿಕೊಂಡಳು. “ಹೋಯ್ ಬಾ ಮಗಾ” ಅಂದಳು. “ನಂಗೀಗ ಗೊತ್ತಾಯ್ತ್.”