ಅಪ್ಪ ಬರೆದ ಗಡಿಯಾರ

ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ನನ್ನ ಸಂಜೆ ತರಗತಿಗೆ ಅಪ್ಪ ಸೇರಿದ್ದಾರೆಂದು ನನಗೆ ಗೊತ್ತಾದದ್ದು ಹಾಜರಿ ಕರೆಯುವಾಗ. "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಅದೇ ಇದು" ಎಂದು ಮನೆಯಲ್ಲಿ ಅಮ್ಮ ನಕ್ಕಳು. ನನಗೆ ಸಿಟ್ಟೇ ಬಂತು. ಇಪ್ಪತ್ತು ಜನರ ಎದುರು ಹೆತ್ತ ತಂದೆಗೆ ಪಾಠ ಹೇಳುವ ಪಾಡು ಯಾರಿಗೆ ಬೇಕು?

ಮೂವತ್ತೆಂಟು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ನಡುಗತೊಡಗಿ, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿಯಲಾಗದೆ ಅವರು ಅಂಗಡಿ ಮುಚ್ಚಿದ್ದರು. "ಇದೂ ಬರ್ಲಿಲ್ಲ ಅಂದ್ರೆ ಮನೇಲಿ ಸುಮ್ನೆ ಕೂತ್ಕೋತೀನಿ" ಎಂದಿದ್ದರು. ಸುಮ್ಮನೆ ಕೂತ ಅಪ್ಪನನ್ನು ನಾನು ಕಂಡವಳಲ್ಲ, ಕಾಣಲು ಭಯವಿತ್ತು. ಕೊನೆಯ ಪರೀಕ್ಷೆ ಪಾಸಾದವರಿಗೆ ಮಾತ್ರ ಮುಂದಿನ ತರಗತಿ.

ಪರೀಕ್ಷೆಯ ದಿನ ಕೊಟ್ಟ ಪ್ರಶ್ನೆ ಸರಳ. ನಿಮಗೆ ಗೊತ್ತಿರುವ ವಸ್ತುವಿಗೊಂದು ಕ್ಲಾಸ್, ಅಂದರೆ ಅಚ್ಚು, ಬರೆಯಿರಿ. ಅದರಿಂದ ಎರಡು ವಸ್ತು ಮಾಡಿ. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗಕೂಡದು.

ಅಪ್ಪ ಗಡಿಯಾರವನ್ನೇ ಆರಿಸಿಕೊಂಡರು. ಒಂದೇ ಬೆರಳಲ್ಲಿ ಒತ್ತುತ್ತಾ, ನಡುಕಕ್ಕೆ ಎರಡೆರಡು ಸಲ ಬಿದ್ದ ಅಕ್ಷರಗಳನ್ನು ಅಳಿಸುತ್ತಾ ಬರೆದರು. ಅರ್ಧ ಗಂಟೆ ಉಳಿದಿರುವಾಗ ನನ್ನನ್ನು ಕರೆದು ತೋರಿಸಿದರು. ಪರದೆಯ ಮೇಲೆ ಮೂರೂಕಾಲು ತೋರಿಸುತ್ತಿದ್ದ ಎರಡು ಗಡಿಯಾರಗಳಲ್ಲಿ ಒಂದನ್ನು ಒಂಬತ್ತಕ್ಕೆ ತಿರುಗಿಸಿದರೆ ಇನ್ನೊಂದೂ ಒಂಬತ್ತಾಯಿತು.

"ನೋಡು, ಎರಡೂ ಸರಿಯಾಗಿವೆ" ಎಂದು ಹಿಗ್ಗಿದರು.

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಸಮಯವನ್ನು ಒಂದೊಂದು ಗಡಿಯಾರದೊಳಗೂ ಬೇರೆಯಾಗಿ ಇಡುವ ಬದಲು ಅಚ್ಚಿನಲ್ಲೇ ಇಟ್ಟಿದ್ದರು, ಹಾಗಾಗಿ ಎರಡಕ್ಕೂ ಒಂದೇ ಸಮಯ. ಅಂಗಡಿಯಲ್ಲಿ ಅವರದೊಂದು ಕಟ್ಟುನಿಟ್ಟು: ಗೋಡೆಯ ದೊಡ್ಡ ಗಡಿಯಾರಕ್ಕೆ ಉಳಿದವೆಲ್ಲ ಹೊಂದಬೇಕು, ಒಂದು ನಿಮಿಷ ಹೆಚ್ಚುಕಮ್ಮಿಯಾದರೂ ಅದು ರಿಪೇರಿಯೇ ಅಲ್ಲ.

"ಪ್ರಶ್ನೆ ಇನ್ನೊಂದು ಸಲ ಓದಿ. ಹೀಗೇ ಬಿಟ್ರೆ ಸೊನ್ನೆ" ಎಂದೆ.

ಅವರ ಮುಖ ಸಪ್ಪಗಾಯಿತು. ನಾನು ಬಗ್ಗಿ ಮೆಲ್ಲಗೆ, "ಅಪ್ಪಾ, ಇಲ್ಲಿ..." ಎಂದೆ.

"ಬೇರೆಯವರಿಗೂ ಹೇಳಿಕೊಡ್ತಿದ್ಯಾ?"

"ಇಲ್ಲ."

"ಹಾಗಾದ್ರೆ ನನಗೂ ಬೇಡ. ಆ ಕಡೆ ಹೋಗು."

ಹೋಗಿ ಅವರ ಹಿಂದಿನ ಕಿಟಕಿಯ ಹತ್ತಿರ ನಿಂತೆ. ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ಹತ್ತು ನಿಮಿಷವಿದೆ ಎನ್ನುವಾಗ ತಮ್ಮಷ್ಟಕ್ಕೆ ತಾವೇ ಅಂದುಕೊಂಡರು: "ರಿಪೇರಿಗೆ ಬರೋವಾಗ ಯಾವ ಎರಡು ಗಡಿಯಾರ ಒಂದೇ ಹೊತ್ತು ತೋರಿಸ್ತಿದ್ವು? ಒಂದೊಂದೂ ಒಂದೊಂದು ಕಡೆ ನಿಂತಿರ್ತಿತ್ತಲ್ಲ." ಮೇಲೆ ಅಚ್ಚಿನಲ್ಲಿದ್ದ ಸಮಯದ ಸಾಲು ಅಳಿಸಿ, ಕೆಳಗೆ ಒಂದೊಂದು ಗಡಿಯಾರಕ್ಕೂ ಅದರದೇ ಸಮಯ ಬರೆಯತೊಡಗಿದರು. ಅಕ್ಷರ ತಪ್ಪಿತು, ಅಳಿಸಿದರು, ಮತ್ತೆ ಬರೆದರು.

ಪರದೆಯ ಮೇಲೆ ಈಗ ಒಂದು ಗಡಿಯಾರದಲ್ಲಿ ಒಂಬತ್ತು, ಇನ್ನೊಂದರಲ್ಲಿ ಮೂರೂಕಾಲು. ನಾನು ಪಟ್ಟಿಯಲ್ಲಿ ಪಾಸು ಎಂದು ಬರೆದು ಕಣ್ಣೊರೆಸಿಕೊಂಡೆ. ಇಪ್ಪತ್ತು ಜನ ನೋಡಿದರು, ನೋಡಲಿ.

ಅಪ್ಪ ಮಾತ್ರ ಏಳಲಿಲ್ಲ. ಹೊಂದದ ಆ ಎರಡು ಹೊತ್ತುಗಳನ್ನು ನೋಡುತ್ತಿದ್ದಂತೆ ಅವರ ಬೆರಳು ತಾನಾಗಿಯೇ ಕೀಲಿಮಣೆಯತ್ತ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆಳೆದುಕೊಂಡರು.

"ಇರ್ಲಿ ಬಿಡು. ಇವನ್ನ ನಾನು ಸರಿ ಮಾಡೋದು ಬೇಡ" ಎಂದರು.