ಹೊಗೆ ಬಿಡದ ಗಾಡಿ

ಎರಡನೇ ಸಲ ಕೀಲಿ ತಿರುವಿದಾಗ ಅಂಬಾಸಿಡರ್ ಕೆಮ್ಮಿ, ನಡುಗಿ, ಚಾಲೂ ಆಯಿತು. ಮರುಕ್ಷಣವೇ ಹಿಂದಿನಿಂದ ನೀಲಿ ಹೊಗೆ ಎದ್ದು ಗಾಂಧಿ ಗಂಜ್ ಪೇಟೆಯಲ್ಲಿ ಅದು ನಿಲ್ಲುತ್ತಿದ್ದ ಗೋದಾಮಿನ ಹಿತ್ತಲನ್ನೆಲ್ಲ ತುಂಬಿಕೊಂಡಿತು. ಜುಲ್ಫೀಕಾರ ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದ. ಈ ಗಾಡಿ ಹೊಗೆ ಬಿಟ್ಟದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅವನೇನು, ಬೀದರಿನಲ್ಲಿ ಯಾರೂ ಕಂಡಿರಲಿಲ್ಲ. ಬಹಳ ದಿನ ನಿಂತಿತ್ತಲ್ಲ, ಅದಕ್ಕೇ ಇರಬೇಕು ಎಂದುಕೊಂಡು ಹೊರಟ.

ಗಾಡಿ ಅವನ ಅಣ್ಣ ಅಮೀರ ಪಾಶಾನದು. ಅಮೀರ ಪಾಶಾ ಆ ದಿನ ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಮಯ್ಯತ್ತು ಮನೆಗೆ ಬಂದಿತ್ತು, ಇಳಿಹೊತ್ತಿನ ನಮಾಜಿನ ನಂತರ ಮಣ್ಣು ಎಂದು ತೀರ್ಮಾನವಾಗಿತ್ತು. ಇಬ್ಬರಿಗೂ ಹಿರಿಯಳಾದ ಅಕ್ಕ ಕುಲಸುಮಬೀ ಇದ್ದದ್ದು ಔರಾದದ ಆಚೆ ಎಕಂಬಾದಲ್ಲಿ. ಮೊಣಕಾಲು ಹಿಡಿದುಹೋಗಿ ಬಸ್ಸು ಹತ್ತಲಾರಳು. ನಾನು ಮುಖ ನೋಡುವ ತನಕ ಒಯ್ಯಬೇಡಿರಿ ಎಂದು ಫೋನಿನಲ್ಲಿ ಅತ್ತಿದ್ದಳು.

ಹಾಗಾಗಿ ಅತ್ತಿಗೆ ಮಹಮೂದಾ ಬೇಗಂ ಗೋಡೆಯ ಗೂಡಿನಿಂದ ಕೀಲಿ ತೆಗೆದು ಜುಲ್ಫೀಕಾರನ ಕೈಯಲ್ಲಿಟ್ಟಿದ್ದಳು. ಇಟ್ಟವಳು ಕೂಡಲೇ ಬಿಡಲಿಲ್ಲ.

"ಓಣ್ಯಾಗ ಬಂದ ಮ್ಯಾಲ ಚಾಲೂ ಇಟ್ಟು ನಿಲ್ಲಿಸಬ್ಯಾಡ. ಬಂದ ಕೂಡ್ಲೇ ಬಂದ್ ಮಾಡು."

"ನನಗೂ ಗಾಡಿ ನಡಸ್ಲಾಕ ಬರ್ತದ ಭಾಬಿ," ಎಂದ ಜುಲ್ಫೀಕಾರ. ಅಳುವ ಹೊತ್ತಿನಲ್ಲೂ ಇವಳಿಗೆ ಗಾಡಿಯ ಚಿಂತೆ ಎಂದು ಸಿಟ್ಟು ಬಂದಿತ್ತು.

ಅಷ್ಟು ಸಾಲದೆಂಬಂತೆ ಶಾಮಿಯಾನದ ಕೆಳಗೆ ಕೂತಿದ್ದ ವಸಂತ ಮಾಸ್ತರರು ಬಾಯಿ ಹಾಕಿದ್ದರು. ಭಾಲ್ಕಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅವರ ಮನೆಯ ಮದುವೆ, ಮುಂಜಿ, ಆಸ್ಪತ್ರೆ ಎಲ್ಲವೂ ಅಮೀರ ಪಾಶಾನ ಗಾಡಿಯಲ್ಲೇ ನಡೆದಿದ್ದವು. "ತಮ್ಮಾ, ಹಂಗೇ ಒಯ್ದು ಹಂಗೇ ತಾ. ಅದರಾಗ ಆಯಿಲ್ ಗೀಯಿಲ್ ಹಾಕ್ಲಾಕ ಹೋಗಬ್ಯಾಡ."

ಕೂತಿದ್ದ ನಾಲ್ಕಾರು ಮಂದಿ ತುಟಿಯೊಳಗೇ ನಕ್ಕರು. ಚಹಾದಂಗಡಿಯ ನದೀಮ ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡ. ಅಣ್ಣ ಸತ್ತ ದಿನವೂ ಆ ನಗೆ ತಪ್ಪಲಿಲ್ಲವಲ್ಲ ಎಂದು ಜುಲ್ಫೀಕಾರನ ಹೊಟ್ಟೆ ಉರಿಯಿತು.

*

ಅಣ್ಣತಮ್ಮಂದಿರು ಗಾಡಿ ಕೊಂಡದ್ದು ಒಂದೇ ದಿನ, ಒಂದೇ ಅಂಗಳದಲ್ಲಿ. ಭಾಲ್ಕಿಯ ಕಬ್ಬಿನ ಗುತ್ತಿಗೆದಾರನೊಬ್ಬ ಎರಡು ಹಳೆಯ ಡೀಸೆಲ್ ಅಂಬಾಸಿಡರುಗಳನ್ನು ಮಾರುತ್ತಿದ್ದಾನೆಂದು ಸುದ್ದಿ ತಂದವರು ವಸಂತ ಮಾಸ್ತರರೇ.

"ನೀ ಮೊದಲ ಆರಿಸ್ಕೋ," ಎಂದಿದ್ದ ಅಮೀರ ಪಾಶಾ.

ಜುಲ್ಫೀಕಾರ ಹೊಸದಾಗಿ ಬಣ್ಣ ಹೊಡೆದು ಥಳಥಳಿಸುತ್ತಿದ್ದ ಗಾಡಿಗೆ ಕೈ ಹಾಕಿದ. ಅಣ್ಣನ ಪಾಲಿಗೆ ಉಳಿದದ್ದು ಮಾಸಿದ ಬಿಳಿಯದು. ಬೀದರಿಗೆ ಬರುವಾಗ ಹಿಂದೆ ಬರುತ್ತಿದ್ದ ಅಣ್ಣನನ್ನು ಕನ್ನಡಿಯಲ್ಲಿ ನೋಡಿ ಜುಲ್ಫೀಕಾರನಿಗೆ ಪಾಪ ಎನಿಸಿತ್ತು. ಅಣ್ಣನ ಮೇಲೆ ಅವನಿಗೆ ಪಾಪ ಎನಿಸಿದ್ದು ಅದೇ ಕಡೆಯ ಸಲ.

ಎರಡು ವರ್ಷ ಕಳೆಯುವುದರೊಳಗೆ ಬಣ್ಣದ ಗಾಡಿ ಆಯಿಲ್ ಕುಡಿಯತೊಡಗಿತು. ಹಿಂದೆ ಬರುವ ಸೈಕಲ್ಲಿನವರು ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ಬಿಳಿ ಗಾಡಿಯ ಮೀಟರು ಎಂದೋ ನಿಂತಿತ್ತು. ಐದು ಲಕ್ಷ ಕಿಲೋಮೀಟರ್ ಆಗಿದೆ ಎಂದು ಅಮೀರ ಪಾಶಾ, ಏಳು ಎಂದು ಜನ. ಹಿಂದೆ ಮಾತ್ರ ಎಳೆ ಹೊಗೆ ಇಲ್ಲ. ಮದುವೆಯ ಬಾಡಿಗೆಗಳೆಲ್ಲ ಅದಕ್ಕೇ. ಅಣ್ಣನಿಗೆ ಜ್ವರ ಬಂದರೆ ಜುಲ್ಫೀಕಾರ ಓಡಿಹೋಗಿ ಗುಳಿಗೆ ತರುತ್ತಿದ್ದ, ಅಣ್ಣನ ಗಾಡಿಗೆ ಜ್ವರ ಬರಲಿ ಎಂದು ದುವಾ ಮಾಡುತ್ತಿದ್ದ.

ಕೊನೆಗೆ ಒಂದು ದಿನ ಮಾನ ಬಿಟ್ಟು ಕೇಳಿದ. "ಭಾಯಿ, ನೀ ಯಾವ ಆಯಿಲ್ ಹಾಕ್ತಿ?"

"ಸಾದಾ ಇಪ್ಪತ್ತು-ಐವತ್ತು. ದಪ್ಪಂದು. ಹಳೀ ಇಂಜಿನ್‌ದಾಗ ಸವದು ಸವದು ಸಂದು ಬಿದ್ದಿರ್ತಾವ. ತೆಳ್ಳಗಿಂದು ಹಾಕಿದ್ರ ಸೋರಿ ಹೋಗ್ತದ. ಮತ್ತ ದಿನಾ ಮುಂಜಾನಿ ಗೇಜ್ ಕಡ್ಡಿ ಎಳದು ನೋಡು."

"ಇಷ್ಟೇ?"

"ಇಷ್ಟೇ."

ಇಷ್ಟೇ ಎಂದರೆ ಯಾರು ನಂಬುತ್ತಾರೆ? ಬೀದರಿನ ಅರ್ಧ ಡ್ರೈವರುಗಳು ಹಾಕುವುದು ಅದನ್ನೇ, ಅವರ ಗಾಡಿಗಳು ಹೊಗೆ ಬಿಡುವುದಿಲ್ಲವೇ? ಅಣ್ಣ ಏನೋ ಮುಚ್ಚಿಡುತ್ತಿದ್ದಾನೆ ಎಂದು ಜುಲ್ಫೀಕಾರನಿಗೆ ಖಾತ್ರಿಯಾಯಿತು. ಅಣ್ಣ ಹೇಳಿದ್ದರ ಉಲ್ಟಾ ಮಾಡಿದರೆ ಗುಟ್ಟು ಸಿಗುತ್ತದೆ ಎಂದುಕೊಂಡು, ಹೊಸ ಕಾರುಗಳಿಗೆ ಹಾಕುವ ತೆಳ್ಳನೆಯ ದುಬಾರಿ ಆಯಿಲ್ ತಂದು ಸುರಿದ. ಇಷ್ಟು ತುಟ್ಟಿಯದಕ್ಕೆ ಗೇಜ್ ನೋಡುವುದೇನಿದೆ ಎಂದು ಬಾನೆಟ್ಟೂ ಎತ್ತಲಿಲ್ಲ. ಆಯಿಲ್ ಸಿಕ್ಕ ಸಿಕ್ಕ ಸಂದಿಯಿಂದ ಜಿನುಗಿ ಹೋಯಿತು. ಔರಾದಕ್ಕೆ ಹೊರಟಿದ್ದ ನಿಶ್ಚಿತಾರ್ಥದ ಮಂದಿಯನ್ನು ಹೊತ್ತ ಗಾಡಿ ಕೌಡಗಾಂವದ ಬಳಿ ಇಂಜಿನ್ ಜಾಮ್ ಆಗಿ ನಿಂತಿತು.

ಅಮೀರ ಪಾಶಾ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಹೋಗುವಾಗ ಸುಮ್ಮನೆ ಹೋಗಬಹುದಿತ್ತು. ನದೀಮನ ಚಹಾದಂಗಡಿಯ ಮುಂದೆ, ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರುಗಳೆಲ್ಲ ನಿಂತಿದ್ದ ಕಡೆಯೇ ನಿಲ್ಲಿಸಿ ಚಹಾ ಹೇಳಿದ. ಆಮೇಲೆ ಎಲ್ಲರಿಗೂ ಕೇಳುವಂತೆ, "ನಾ ಹೇಳಿದ್ದಿಲ್ಲೇನು?" ಎಂದ.

ಗಾಡಿ ಗುಜರಿಗೆ ಹೋಯಿತು. ಜುಲ್ಫೀಕಾರ ಗಂಜಿನ ಬೇಳೆ ವ್ಯಾಪಾರಿಯೊಬ್ಬರ ಕಾರಿಗೆ ಪಗಾರದ ಡ್ರೈವರನಾದ. ಆದರೆ ಆ ಆಯಿಲ್‌ನ ಕಥೆ ಗುಜರಿಗೆ ಹೋಗಲಿಲ್ಲ. ಯಾರ ಗಾಡಿ ಹೊಗೆ ಬಿಟ್ಟರೂ ಸ್ಟ್ಯಾಂಡಿನಲ್ಲಿ, "ಏನಪಾ, ಜುಲ್ಫಿ ಭಾಯಿ ಆಯಿಲ್ ಹಾಕ್ಯಾನೇನು?" ಎನ್ನುವುದು ರೂಢಿಯಾಯಿತು.

*

ಎಕಂಬಾಕ್ಕೆ ಹೋಗುವ ದಾರಿಯಲ್ಲಿ ಸಂತಪುರ ಹತ್ತಿರ ಬರುವಾಗ ಮುಂದಿನ ಫಲಕದಲ್ಲಿ ಆಯಿಲ್‌ನ ಕೆಂಪು ದೀಪ ಮಿಣುಕತೊಡಗಿತು. ಜುಲ್ಫೀಕಾರ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಬಿಟ್ಟು ನೋಡಿದ. ತುದಿಯಲ್ಲಿ ಒಂದು ಹನಿ ಮಾತ್ರ ಇತ್ತು. ಡಿಕ್ಕಿ ತೆಗೆದರೆ ಸ್ಟೆಪ್ನಿಯ ಹಿಂದೆ, ಗೋಣಿಚೀಲದ ಕೆಳಗೆ ಬಚ್ಚಿಟ್ಟ ದೊಡ್ಡ ಡಬ್ಬಿ, ಅದರ ಪಕ್ಕ ನೀರಿನ ಬಾಟಲಿ ಕತ್ತರಿಸಿ ಮಾಡಿದ ಲಾಳಿಕೆ. ಡಬ್ಬಿ ಅರ್ಧ ಖಾಲಿ. ಬೇರೆ ಏನೂ ಅಲ್ಲ, ಸಾದಾ ಇಪ್ಪತ್ತು-ಐವತ್ತೇ.

ಅವನು ಆಯಿಲ್ ಸುರಿದ. ಸುರಿಯುವಾಗ ಅಂಚಿನಿಂದ ಚೆಲ್ಲಿ ಬೆರಳೆಲ್ಲ ಒದ್ದೆಯಾಯಿತು. ಲಾಳಿಕೆ ಎಷ್ಟು ಸಲ ಬಳಸಿದ್ದೋ ಏನೋ, ಒಳಗೆ ಕರಿ ಗಟ್ಟಿಯಾಗಿ ಅಂಟಿತ್ತು. ಅಣ್ಣನ ಗಾಡಿಯೂ ಆಯಿಲ್ ಕುಡಿಯುತ್ತಿತ್ತೇ? ನಂಬಲು ಮಾತ್ರ ಧೈರ್ಯ ಬರಲಿಲ್ಲ.

ಎಕಂಬಾದಲ್ಲಿ ಕುಲಸುಮಬೀ ಬುರ್ಖಾ ತೊಟ್ಟು ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ಮದುವೆಯಾಗಿ ಅಲ್ಲಿಗೆ ಹೋದಾಗಿನಿಂದ ಅವಳ ಮಾತು ಅರ್ಧ ದಖನಿ ಉರ್ದು, ಅರ್ಧ ಹೊಲದವರ ಕನ್ನಡ. ಔರಾದ ದಾಟುವ ತನಕ ಅಳುತ್ತಲೇ ಇದ್ದಳು. ಸಂತಪುರದ ಬೇವಿನ ಮರ ಕಂಡಾಗ ಮೂಗು ಒರೆಸಿಕೊಂಡು ಕೇಳಿದಳು.

"ಆಯಿಲ್ ಹಾಕೂದಿಲ್ಲೇನು?"

ಜುಲ್ಫೀಕಾರನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. "ಏನಂದಿ ಆಪಾ?"

"ಅಮೀರ ಹೋಗಾಗೊಮ್ಮೆ, ಬರಾಗೊಮ್ಮೆ ಇಲ್ಲೇ ನಿಲ್ಲಿಸಿ ಹಾಕ್ತಿದ್ದ. ಈ ಗಾಡಿ ಡೀಸೆಲ್‌ಕಿಂತ ಆಯಿಲ್ಲೇ ಜಾಸ್ತಿ ಕುಡೀತದ ಅಂತಿದ್ದ."

"ಎಂದಿನಿಂದ?"

"ನಿಂದು ಕೆಟ್ಟು ನಿಂತಿತಲ್ಲ, ಅದರ ಮರುವರ್ಷದಿಂದ. ಫಜರ್ ನಮಾಜಕ್ಕಿಂತ ಮೊದಲ ಎದ್ದು ಗೋದಾಮಿನ ಹಿತ್ತಲಕ ಹೋಗಿ ಚಾಲೂ ಮಾಡ್ತಿದ್ದ. ತಣ್ಣಗಿದ್ದಾಗ ಬಿಡೂ ಹೊಗಿ ಎಲ್ಲಾ ಅಲ್ಲೇ ಬಿಡ್ಸಿ, ಇಂಜಿನ್ ಬಿಸಿ ಮಾಡ್ಕೊಂಡು ಆಮ್ಯಾಲ ಸ್ಟ್ಯಾಂಡಿಗಿ. ಮಹಮೂದಾ ದಿನಾ ಬೈತಿದ್ಳು, ಅಂಗಿಯೆಲ್ಲಾ ಹೊಗಿ ವಾಸನಿ ಅಂತ."

"ನನಗ ಯಾಕ ಹೇಳಲಿಲ್ಲ?"

"ನಿನಗ ಹೇಳಬಾರದು ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ದ. ಜುಲ್ಫಿ ನಗ್ತಾನ ಆಪಾ, ಅಂತಿದ್ದ." ಕುಲಸುಮಬೀ ಮತ್ತೆ ಅತ್ತಳು. ಅಳುತ್ತಲೇ ಹೇಳಿದಳು, "ನಿನ್ನ ಮ್ಯಾಲ ಅವಗ ಭಾಳ ಹೊಟ್ಟಿಕಿಚ್ಚಿತ್ತಪಾ. ಜುಲ್ಫಿ ಎಸಿ ಗಾಡಿ ನಡಸ್ತಾನ, ಬಾನೆಟ್ ಎತ್ತೂ ಕೆಲಸಿಲ್ಲ, ಆಯಿಲ್ ಕಂಪನಿಯವರೇ ಹಾಕಿ ಕೊಡ್ತಾರ, ರಾತ್ರಿ ಆರಾಮ ಮಲಗ್ತಾನ. ನಾ ಈ ಮುದುಕಿನ್ನ ಮೆರಸ್ಕೋತ ಸಾಯ್ತೇನಿ ಅಂತಿದ್ದ."

ಜುಲ್ಫೀಕಾರನಿಗೆ ಸಂತೋಷವಾಯಿತು. ಮುಚ್ಚುಮರೆ ಏನು, ಹಿಗ್ಗಿಹೋದ. ಎದುರಿಗೆ ಬರುವ ಲಾರಿಯವನನ್ನು ನಿಲ್ಲಿಸಿ ಹೇಳಬೇಕೆನಿಸಿತು. ಅಣ್ಣನಿಗೆ ತನ್ನ ಮೇಲೆ ಹೊಟ್ಟೆಕಿಚ್ಚು! ಹೊಗೆ ಬಿಡದ ಗಾಡಿ ಎಂದರೆ ಕತ್ತಲಲ್ಲಿ ಕದ್ದು ಹೊಗೆ ಬಿಟ್ಟುಬರುವ ಗಾಡಿ! ಮೊದಲು ವಸಂತ ಮಾಸ್ತರರಿಗೆ ಹೇಳಬೇಕು, ಕೂತವರೆಲ್ಲ ಕೇಳುವಂತೆ. ನದೀಮನೂ ಅಲ್ಲಿರಬೇಕು. ಡಬ್ಬಿ, ಲಾಳಿಕೆ ಎರಡನ್ನೂ ಎತ್ತಿ ತೋರಿಸಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಭಾಯಿಯನ್ನೂ ಒಮ್ಮೆ ಕೇಳಬೇಕು, ಅವನ ಮುಖ ಹೇಗಾಗುತ್ತದೋ ನೋಡಬೇಕು ಎಂದುಕೊಂಡ. ಬೀದರಿನ ಹೊರವಲಯ ಬಂದಾಗಲೇ ಅವನಿಗೆ ನೆನಪಾದದ್ದು, ಭಾಯಿಯನ್ನು ಕೇಳುವ ಹಾಗಿಲ್ಲ ಎಂದು. ಇನ್ನೊಂದು ತಿಂಗಳಾದರೂ ಇರಬಾರದಿತ್ತೇ ಈ ಮನುಷ್ಯ?

*

ಓಣಿಯ ಬಾಯಲ್ಲಿ ತೊಗರಿ ಚೀಲದ ಕೈಗಾಡಿಗಳು ಅಡ್ಡ ನಿಂತಿದ್ದವು. ಹಮಾಲರು ಸರಿಸುವ ತನಕ ಜುಲ್ಫೀಕಾರ ಸ್ಟೀರಿಂಗ್ ಹಿಡಿದು, ಹೇಳಬೇಕಾದ ಮಾತನ್ನು ಬಾಯಲ್ಲೇ ಉರುಳಿಸುತ್ತ ಕೂತ. ಇಂಜಿನ್ ಬಂದ್ ಮಾಡಬೇಕೆಂಬುದು ಮರೆತೇ ಹೋಗಿತ್ತು. ದಾರಿ ಬಿಟ್ಟ ಕೂಡಲೇ ಎಕ್ಸಲರೇಟರ್ ಒತ್ತಿದ.

ಅಷ್ಟೂ ಹೊತ್ತು ಒಳಗೆ ಇಳಿದಿದ್ದ ಆಯಿಲ್ಲೆಲ್ಲ ಒಮ್ಮೆಲೇ ಸುಟ್ಟು ಹೊರಬಿತ್ತು. ನೀಲಿ ಹೊಗೆ ಓಣಿಯನ್ನು ತುಂಬಿ ಶಾಮಿಯಾನದೊಳಗೆ ನುಗ್ಗಿತು. ಕುರಾನಿನ ಯಾಸೀನ್ ಓದುತ್ತಿದ್ದವರು ಕೆಮ್ಮಿದರು. ಜನ ಮೂಗಿಗೆ ಕರವಸ್ತ್ರ ಹಿಡಿದು ಎದ್ದು ನಿಂತರು. ವಸಂತ ಮಾಸ್ತರರು ಕೈ ಬೀಸುತ್ತ ಮುಂದೆ ಬಂದರು.

"ಏನ್ ಹಾಕಿದ್ಯೋ ಅದರಾಗ? ಏನ್ ಹಾಕಿದಿ?"

"ಜುಲ್ಫಿ ಭಾಯಿ ಆಯಿಲ್ ಹಾಕ್ಯಾನ್ರಿ," ಎಂದ ನದೀಮ. ಈ ಸಲ ಅವನು ನಗಲಿಲ್ಲ.

"ಇಷ್ಟು ವರ್ಷ ಆ ಮನುಷ್ಯ ಎಳಿ ಹೊಗಿ ಬರದ್ಹಂಗ ಸಾಕಿದ್ದ. ಅವನ ಮಯ್ಯತ್ತ ಇನ್ನೂ ಮನ್ಯಾಗದ, ನೀ ಅರ್ಧ ದಿನದಾಗ ಕೆಡಿಸಿ ತಂದ್ಯಲ್ಲೋ!" ಮಾಸ್ತರರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಜುಲ್ಫೀಕಾರ ಇಳಿದ. ಎಲ್ಲರೂ ಅಲ್ಲೇ ಇದ್ದರು. ಇಷ್ಟು ಚೆಂದದ ಹೊತ್ತು ಅವನು ಬೇಡಿದ್ದರೂ ಸಿಗುತ್ತಿರಲಿಲ್ಲ. ಡಿಕ್ಕಿ ತೆಗೆದರೆ ಸಾಕಿತ್ತು. ಬಾಗಿಲಲ್ಲಿ ಮಹಮೂದಾ ಬೇಗಂ ಬಂದು ನಿಂತಿದ್ದಳು. ಅವಳು ಗಾಡಿಯನ್ನು ನೋಡಲಿಲ್ಲ, ಹೊಗೆಯನ್ನು ನೋಡಲಿಲ್ಲ. ಜುಲ್ಫೀಕಾರನ ಬಾಯನ್ನೇ ನೋಡುತ್ತಿದ್ದಳು. ಅವಳ ಹಿಂದೆ, ಒಳಗೆ, ಕಫನಿನ ಬಿಳಿ ಬಟ್ಟೆ ಕಾಣುತ್ತಿತ್ತು.

"ತೆಳ್ಳಗಿಂದು ಹಾಕಿದೆ ಮಾಸ್ತರ," ಎಂದ ಜುಲ್ಫೀಕಾರ. "ಡಬ್ಬಿ ಓದಲಿಲ್ಲ."

ಕುಲಸುಮಬೀ ಗಾಡಿಯೊಳಗಿಂದ, "ಏ, ಅವ ಎಲ್ಲಿ..." ಎಂದು ಶುರುಮಾಡಿದಳು.

"ಆಪಾ, ಇಳೀ. ಹೊತ್ತಾಗ್ಯಾದ," ಎಂದು ಅವಳ ರಟ್ಟೆ ಹಿಡಿದು ಇಳಿಸಿ ಒಳಗೆ ಕರೆದೊಯ್ದ. ಹಿಂದಿನಿಂದ ಮಾಸ್ತರರು ಹೇಳುವುದು ಕೇಳಿಸಿತು. "ನೋಡ್ರಿ, ಒಂದೇ ತಾಯಿ ಹೊಟ್ಟ್ಯಾಗ ಹುಟ್ಟ್ಯಾರ."

ಹಾಗೆ ಯಾಕೆ ಹೇಳಿದೆನೋ ಅವನಿಗೇ ತಿಳಿಯಲಿಲ್ಲ. ಹೇಳಿದ ಮೇಲೆ ಹೊಟ್ಟೆಯ ಉರಿ ಆರಲೂ ಇಲ್ಲ. ಅಣ್ಣ ಸತ್ತು ಮಲಗಿಯೂ ಗೆದ್ದುಬಿಟ್ಟನಲ್ಲ ಎಂದು ಇನ್ನಷ್ಟು ಉರಿಯಿತು. ಅಕ್ಕ ಮುಖ ನೋಡಿ, ಗೋಳಾಡಿ, ಹಿಂದೆ ಸರಿದಾಗ ಅವನೂ ಬಗ್ಗಿ ನೋಡಿದ. ಮುಚ್ಚಿದ ಕಣ್ಣಿನ ಆ ಮುಖದಲ್ಲಿ ಗುಟ್ಟು ಬಯಲಾದ ಕುರುಹೇನೂ ಇರಲಿಲ್ಲ.

ನಮಾಜಿಗೆ ಮುನ್ನ ಎರಡೆರಡು ಸಲ ಸಾಬೂನು ಹಚ್ಚಿ ಕೈ ತೊಳೆದುಕೊಂಡ. ಜನಾಜಾಕ್ಕೆ ಮುಂದಿನ ಹೆಗಲು ಕೊಟ್ಟ, ದಾರಿಯಲ್ಲಿ ಬೇರೆಯವರು ಹೆಗಲು ಬದಲಿಸಲು ಬಂದರೂ ಬಿಡಲಿಲ್ಲ. ಕಬರಸ್ತಾನದಲ್ಲಿ ಅಣ್ಣನನ್ನು ಇಳಿಸಿ, ಹಾಸುಗಲ್ಲು ಮುಚ್ಚಿದ ಮೇಲೆ ಎಲ್ಲರೂ ಸಾಲಾಗಿ ಮೂರು ಮೂರು ಹಿಡಿ ಮಣ್ಣು ಹಾಕಿದರು. ವಸಂತ ಮಾಸ್ತರರೂ ಹಾಕಿ, ಅಂಗೈ ಝಾಡಿಸಿಕೊಂಡು ಹಿಂದೆ ಸರಿದರು. "ಅಂಥಾ ಗಾಡಿ ಇನ್ನ ಕಾಣ್ಲಾಕ ಸಿಗೂದಿಲ್ಲ ಬಿಡ್ರಿ," ಎಂದು ಯಾರಿಗೋ ಹೇಳುತ್ತಿದ್ದರು.

ಜುಲ್ಫೀಕಾರನ ಸರದಿ ಬಂತು. ಬಗ್ಗಿ ಕೆಂಪು ಮಣ್ಣನ್ನು ಹಿಡಿತುಂಬ ಎತ್ತಿ ಗುಂಡಿಯ ಮೇಲೆ ಕೈ ತೆರೆದ. ಅರ್ಧ ಬಿತ್ತು. ಉಳಿದದ್ದು ಬೆರಳ ಸಂದಿಯ ಆಯಿಲ್ ಜಿಡ್ಡಿಗೆ ಮೆತ್ತಿಕೊಂಡು ನಿಂತಿತು. ಝಾಡಿಸಿದ, ಬೀಳಲಿಲ್ಲ. ಹಿಂದಿನವರು ಕಾಯುತ್ತಿದ್ದರು. ಅವನು ಆ ಕೈಯಿಂದಲೇ ಇನ್ನೊಂದು ಹಿಡಿ ಎತ್ತಿಕೊಂಡ.